ಹೊಸ ಮನೆಗೆ ಚಿಮಣಿ: ಖರ್ಚು ಎಲ್ಲೆಲ್ಲಿ ಅಡಗಿ ಕೂತಿರುತ್ತೆ?

ಪ್ರಶ್ನೆ: ಕಟ್ಟಿಸ್ತಿರೋ ಮನೆಗೆ ಕಟ್ಟಿಗೆ ಉರಿಸೋ ಅಗ್ಗಿಷ್ಟಿಕೆ, ಅದಕ್ಕೊಂದು ಚಿಮಣಿ ಬೇಕು. ಇಬ್ಬರು ಮೇಸ್ತ್ರಿಗಳು ಎಸ್ಟಿಮೇಟ್ ಕೊಟ್ಟಿದ್ದಾರೆ. ಒಂದು ಇನ್ನೊಂದರ ದುಪ್ಪಟ್ಟು! ಯಾಕೆ ಹೀಗೆ? ಕಟ್ಟಿಸಿದವರು ಹೇಳಿ.

ಉತ್ತರ: ನಾವು ಕಡಿಮೆ ಹೇಳಿದವರಿಗೇ ಕೊಟ್ಟು ಕೈಸುಟ್ಟುಕೊಂಡೆವು. ಅವರ ಚೀಟಿಯಲ್ಲಿದ್ದದ್ದು ಇಟ್ಟಿಗೆ, ಸಿಮೆಂಟು, ಕೂಲಿ, ಅಷ್ಟೇ. ಪಾಯ ಇಲ್ಲ, ಹೊಗೆ ಹೋಗೋ ಒಳಗಿನ ಲೈನರ್ ಇಲ್ಲ, ಸಾರುವೆ ಬಾಡಿಗೆಯೂ ಇಲ್ಲ. ಒಂದೊಂದೇ ಸೇರಿ ಕೊನೆಗೆ ದುಬಾರಿ ಎಸ್ಟಿಮೇಟನ್ನೂ ದಾಟಿತು. ಇಟ್ಟಿಗೆ ಚಿಮಣಿ ಅಂದ್ರೆ ಟನ್‌ಗಟ್ಟಲೆ ಭಾರ, ಬರೀ ನೆಲದ ಮೇಲೆ ಎಬ್ಬಿಸೋಕಾಗಲ್ಲ. ಮನೆಯ ಪಾಯ ತೆಗೆಯುವಾಗಲೇ ಅದರದ್ದೂ ಹಾಕಿಸಿದ್ರೆ ಅಗೆತ ಒಂದೇ ಸಲ. ನಮಗೆ ಇದು ನೆನಪಾಗಿದ್ದು ಗೋಡೆ ಎದ್ದ ಮೇಲೆ.

ಇನ್ನೊಬ್ಬರು: ಎತ್ತರ ಎಷ್ಟು ಬರೆದಿದ್ದಾರೆ ನೋಡಿ. ಸಾಮಾನ್ಯವಾಗಿ ಹಿಡಿಯೋ ಲೆಕ್ಕ ಇದು: ಮಾಡು (ಛಾವಣಿ) ಸೀಳಿ ಹೊರಬರೋ ಜಾಗದಿಂದ ಕನಿಷ್ಠ 3 ಅಡಿ, ಜೊತೆಗೆ ಸುತ್ತ 10 ಅಡಿಯೊಳಗೆ ಏನಿದ್ದರೂ ಅದಕ್ಕಿಂತ 2 ಅಡಿ ಮೇಲೆ. ಇಳಿಜಾರು ಮಾಡಿನ ಅಂಚಿನಲ್ಲಿ ಇಟ್ಟರೆ ಕತ್ತು ಉದ್ದ, ಇಟ್ಟಿಗೆಯೂ ಹೆಚ್ಚು. ನೆತ್ತಿಯ ಹತ್ತಿರ ಇಟ್ಟರೆ ಗಿಡ್ಡ ಸಾಕು. ಹೊರಗೋಡೆಗೆ ಅಂಟಿಸಿ ಕಟ್ಟಿದ್ದು ಬೇಗ ತಣ್ಣಗಾಗುತ್ತೆ. ಹೊಗೆ ಎಳೆಯೋಕೆ ಸೋಮಾರಿ, ಒಳಗೆ ಇಲ್ಲಣ ಜಾಸ್ತಿ, ಅಂದ್ರೆ ಗುಡಿಸೋ ಖರ್ಚೂ ಜಾಸ್ತಿ.

ಮೂರನೆಯವರು: ನಮ್ಮದು ಎರಡು ಪದರದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ, ನಡುವೆ ಶಾಖ ತಡೆಯೋ ತುಂಬುವಿಕೆ. ಹಗುರ, ದೊಡ್ಡ ಪಾಯ ಬೇಡ, ಜೋಡಣೆ ಬೇಗ. ಆದ್ರೆ ನಿಮ್ಮ ಒಲೆಗೆ ಅದು ಹೊಂದುತ್ತಾ ಅಂತ ಮೊದಲೇ ಕೇಳಿ. ಮರದ ತೊಲೆಯಿಂದ ತಯಾರಕರು ಹೇಳಿದಷ್ಟು ಅಂತರ ಬಿಡಲೇಬೇಕು. ನೋಡೋಕೆ ಇಟ್ಟಿಗೆಯ ಗತ್ತಿಲ್ಲ, ನಿಜ.

ಮತ್ತೊಬ್ಬರು: ಇನ್ನೊಂದು ಮಾತು, ಚಿಮಣಿ ಮಾಡಿಗೆ ಸೇರೋ ಸಂದಿನ ತಗಡು. ಅದರ ತುದಿಯನ್ನು ಇಟ್ಟಿಗೆಯ ಗಾರೆ ಗೆರೆಯೊಳಗೆ ತೂರಿಸಿ ಕೂರಿಸಬೇಕು. ನಮ್ಮವರು ಡಾಂಬರು ಬಳಿದು ಅಂಟಿಸಿ ಹೋದರು. ಮೊದಲ ಮಳೆಗೇ ಹಜಾರದ ಗೋಡೆ ಮೇಲೆ ಕಂದು ಗೀಟು ಇಳೀತು. ಸರಿಮಾಡಿಸೋಕೆ ಮತ್ತೆ ಸಾರುವೆ, ಮತ್ತೆ ಕೂಲಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಎರಡೂ ಚೀಟಿ ಪಕ್ಕಪಕ್ಕ ಇಟ್ಟು ನೋಡಿದೆ. ಕಡಿಮೆಯದ್ದರಲ್ಲಿ ಲೈನರ್ ಹೆಸರೇ ಇಲ್ಲ, ತಗಡೂ ಇಲ್ಲ. ಪಾಯದ ಮುಂದೆ 'ನಿಮ್ಮ ಕಡೆಯಿಂದ' ಅಂತ ಸಣ್ಣಕ್ಷರದಲ್ಲಿ ಬರೆದಿದ್ದಾರೆ.