ಲೋಡ್ ಇದ್ದಾಗ ದೋಣಿ ಮೂತಿ ಎತ್ತಿಕೊಂಡೇ ಹೋಗುತ್ತದೆ: ಫ್ಯಾನ್ (ಪ್ರೊಪೆಲ್ಲರ್) ಬದಲಿಸಬೇಕಾ, ಇಂಜಿನ್ ಎತ್ತಬೇಕಾ?

ಕರೂರು ಸೀಮೆಯವ:

ಎಲ್ಲರಿಗೂ ನಮಸ್ಕಾರ. ನಮ್ಮದು ತುಮರಿ ಪಕ್ಕದ ಹಳ್ಳಿ. ಮಳೆಗಾಲ ಮುಗಿಯುವ ಹೊತ್ತಿಗೆ ಶರಾವತಿ ಹಿನ್ನೀರು ನಮ್ಮ ಅಡಿಕೆ ತೋಟದ ಬೇಲಿ ತನಕ ಬಂದು ನಿಲ್ಲುತ್ತದೆ. ಮೀನು ಹಿಡಿಯುವ ಲೈಸೆನ್ಸ್ ಚಿಕ್ಕಪ್ಪನ ಹೆಸರಲ್ಲಿದೆ. ನಾನೂ ಚಿಕ್ಕಪ್ಪನ ಮಗನೂ ಬಲೆ ಬಿಡುತ್ತೇವೆ.

ದೀಪಾವಳಿಗೆ ಮುಂಚೆ ಕರಾವಳಿಯಿಂದ ಒಂದು ಹಳೇ ಫೈಬರ್ ದೋಣಿ ತಂದೆವು. 16 ಅಡಿ ಉದ್ದ, ತಳ ಹೆಚ್ಚುಕಡಿಮೆ ಚಪ್ಪಟೆ. 40 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್, ಅಂದರೆ ದೋಣಿಯ ಹಿಂಬದಿ ಹಲಗೆಗೆ ಹೊರಗಿನಿಂದ ಕೂರಿಸುವುದು. ಕೊಲ್ಲೂರು, ನಾಗೋಡಿ ದಾರಿಯಲ್ಲಿ ಲಾರಿ ಮೇಲೆ ಹಗ್ಗ ಬಿಗಿದು ತಂದಿದ್ದು. ಮಾರಿದವರು 40 ಕಿ.ಮೀ. ಸ್ಪೀಡ್ ಆರಾಮಾಗಿ ಬರುತ್ತದೆ ಅಂದಿದ್ದರು. ಇಲ್ಲಿ ನಾವಿಬ್ಬರೇ ಕೂತು ಪೂರ್ತಿ ಎಕ್ಸಿಲರೇಟರ್ ಕೊಟ್ಟರೂ ಫೋನಿನ ಜಿಪಿಎಸ್ 31 ದಾಟುವುದಿಲ್ಲ.

ಅದಾದರೂ ಪರವಾಗಿಲ್ಲ. ನಿಜವಾದ ಕಷ್ಟ ಲೋಡ್ ಇದ್ದಾಗ. ಮೂರು ಜನ, ಐಸ್ ಪೆಟ್ಟಿಗೆ, ಒದ್ದೆ ಬಲೆ, ಮೀನು ಎಲ್ಲ ಸೇರಿದರೆ ದೋಣಿ ನೀರಿನ ಮೇಲೆ ಏಳುವುದೇ ಇಲ್ಲ. ಮೂತಿ ಆಕಾಶಕ್ಕೆ, ಹಿಂಭಾಗ ನೀರೊಳಗೆ. ಇಂಜಿನ್ ಗೊರಗೊರ ಅನ್ನುತ್ತದೆ, ಸ್ಪೀಡ್ 15. ಬಲೆ ಇರುವ ಜಾಗದಿಂದ ನಮ್ಮ ದಡಕ್ಕೆ 14 ಕಿ.ಮೀ. ಅಂದರೆ ಹತ್ತಿರ ಹತ್ತಿರ ಒಂದು ಗಂಟೆ. ಮುಂಚೆ ಮೀನಿನ ಗಾಡಿಯೂ ಲಾಂಚಿಗೆ ಕಾಯಬೇಕಿತ್ತು, ನಾವು ಸ್ವಲ್ಪ ತಡವಾದರೂ ನಡೆಯುತ್ತಿತ್ತು. 2025ರ ಜುಲೈನಲ್ಲಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಓಡಾಟಕ್ಕೆ ತೆರೆದ ಮೇಲೆ ಗಾಡಿ ಎಂಟು ಗಂಟೆಗೆ ಸರಿಯಾಗಿ ಸಾಗರಕ್ಕೆ ಹೊರಟುಬಿಡುತ್ತದೆ. ತಪ್ಪಿದರೆ ಆ ದಿನದ ಕಾಟ್ಲಾ, ಗೌರಿ ಎಲ್ಲ ಊರಲ್ಲೇ ಸಿಕ್ಕಿದ ರೇಟಿಗೆ ಹೋಗಬೇಕು.

ರಾತ್ರಿ ಕೂತು ಅಮೆರಿಕದವರ ಬಾಸ್ ಬೋಟಿನ (ಬಾಸ್ ಮೀನು ಹಿಡಿಯುವ ವೇಗದ ದೋಣಿ) ವಿಡಿಯೋ ತುಂಬಾ ನೋಡಿದ್ದೇನೆ. ಫ್ಯಾನಿನ ಪಿಚ್, ಜ್ಯಾಕ್ ಪ್ಲೇಟ್, ಸ್ಟೀಲ್ ಫ್ಯಾನ್ ಅಂತ ಹೇಳುತ್ತಾರೆ. ಅವರದ್ದು 200, 250 ಎಚ್‌ಪಿ. ಅದರಲ್ಲಿ ನನ್ನ ದೋಣಿಗೆ ಆಗಿಬರುವುದು ಯಾವುದು? ಮೊದಲು ಯಾವುದಕ್ಕೆ ಕೈ ಹಾಕಲಿ?

ಫ್ಯಾನಿನ ಮೇಲೆ 11½ × 13 ಅಂತ ಕೊರೆದಿದೆ. ಅಲ್ಯೂಮಿನಿಯಂ, ಮೂರು ಎಲೆ. ಇಂಜಿನ್ ಪುಸ್ತಕದಲ್ಲಿ ಗೇರ್ ಅನುಪಾತ 2, ಪೂರ್ತಿ ಎಕ್ಸಿಲರೇಟರಿಗೆ 4500ರಿಂದ 5500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಅಂತ ಇದೆ. ಪ್ಲಗ್ ವೈರಿಗೆ ಸುತ್ತುವ ಸಣ್ಣ ಮೀಟರ್ ಕಟ್ಟಿ ನೋಡಿದೆ. ಇಬ್ಬರೇ ಇದ್ದಾಗ 4300. ಲೋಡ್ ಇದ್ದಾಗ 3400.

ಗಾಜನೂರು ಗಾಳ:

ಅಣ್ಣ, ನೀವು ಆರ್‌ಪಿಎಂ ಬರೆದಿದ್ದು ಒಳ್ಳೇದಾಯಿತು. ಅದಿಲ್ಲದೆ ಯಾರೂ ಏನೂ ಹೇಳುವ ಹಾಗಿಲ್ಲ.

ಫ್ಯಾನಿನ ಮೇಲಿನ ಮೊದಲ ಅಂಕಿ ಅದರ ಅಗಲ, ಎರಡನೇ ಅಂಕಿ 13 ಅಂದರೆ ಪಿಚ್. ಮರಕ್ಕೆ ಸ್ಕ್ರೂ ಹಾಕಿದ ಹಾಗೆ, ಫ್ಯಾನ್ ಒಂದು ಸುತ್ತು ತಿರುಗಿದರೆ ದೋಣಿ 13 ಇಂಚು ಮುಂದೆ ಹೋಗಬೇಕು. ಇಂಜಿನ್ 4300 ತಿರುಗಿದರೆ ಫ್ಯಾನ್ ಅದರ ಅರ್ಧ, 2150. ಅದಕ್ಕೆ 13 ಗುಣಿಸಿದರೆ ನಿಮಿಷಕ್ಕೆ 27,950 ಇಂಚು, ಅಂದರೆ 710 ಮೀಟರ್. ಗಂಟೆಗೆ 42.6 ಕಿ.ಮೀ. ನಿಮಗೆ ಬಂದಿದ್ದು 31. ಮಿಕ್ಕಿದ್ದು ಜಾರಿಕೆ, ನೂರಕ್ಕೆ 27. ನೀರು ಮರದ ಹಾಗೆ ಗಟ್ಟಿ ಇಲ್ಲವಲ್ಲ, ಸ್ವಲ್ಪ ಜಾರುವುದು ಸಹಜ. ಆದರೆ ಇಬ್ಬರೇ ಇರುವ ಹಗುರ ದೋಣಿಗೆ ಇದು ಜಾಸ್ತಿ ಆಯಿತು.

ನಾನಾದರೆ ನಾಲ್ಕು ಎಲೆಯ ಸ್ಟೀಲ್ ಫ್ಯಾನ್ ಹಾಕುತ್ತಿದ್ದೆ. ಬಾಸ್ ಬೋಟಿನವರು ಸ್ಟೀಲ್ ಬಿಟ್ಟು ಬೇರೆ ಹಾಕುವುದು ಕಡಿಮೆ. ಎಲೆ ತೆಳ್ಳಗಿರುತ್ತದೆ, ಒತ್ತಡಕ್ಕೆ ಬಾಗುವುದಿಲ್ಲ. ನಾಲ್ಕು ಎಲೆ ಇದ್ದರೆ ದೋಣಿಯ ಹಿಂಭಾಗ ಬೇಗ ಮೇಲೇಳುತ್ತದೆ.

ಗಂಗೊಳ್ಳಿ ಇಂಜಿನ್ ಕೆಲಸ:

ಸ್ಟೀಲ್ ಬೇಡ ಮಾರಾಯ್ರೆ. ನಿಮ್ಮ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಖಂಡಿತ ಬೇಡ. 1964ರಲ್ಲಿ ಕಾಡಿಗೆ ಕಾಡೇ ಮುಳುಗಿದ ಜಾಗ ಅದು. ನೀರಿನಡಿ ಇರುವ ಬೊಡ್ಡೆಗಳು ಇನ್ನೂ ಕಬ್ಬಿಣದ ಹಾಗೆ ನಿಂತಿವೆ. ಬೊಡ್ಡೆಗೆ ತಾಗಿದರೆ ಅಲ್ಯೂಮಿನಿಯಂ ಎಲೆ ಬಾಗುತ್ತದೆ ಅಥವಾ ಮುರಿಯುತ್ತದೆ, ಅಲ್ಲಿಗೆ ಮುಗಿಯಿತು. ಸ್ಟೀಲ್ ಎಲೆ ಬಾಗುವುದಿಲ್ಲ. ಆ ಪೆಟ್ಟು ಶಾಫ್ಟಿಗೆ, ಗೇರಿಗೆ ಹೋಗುತ್ತದೆ. ಒಳಗಿನ ರಬ್ಬರ್ ಬುಷ್ ಇದ್ದರೂ ಎಲ್ಲ ಪೆಟ್ಟನ್ನೂ ಅದು ತಡೆಯುವುದಿಲ್ಲ. ಫ್ಯಾನ್ ಹೋದರೆ ಸಾವಿರದ ಲೆಕ್ಕ, ಗೇರ್ ಹೋದರೆ ಹತ್ತಾರು ಸಾವಿರ.

ನಾನು ಒಬಿಎಂ (ಔಟ್‌ಬೋರ್ಡ್) ಇಂಜಿನ್ ಬಿಚ್ಚಲು ಶುರು ಮಾಡಿ 22 ವರ್ಷ ಆಯಿತು. ನಿಮ್ಮ ದೋಣಿ ಮಾರಿದವರು ಸುಳ್ಳು ಹೇಳಿರಲಿಕ್ಕಿಲ್ಲ. ಆ 13ರ ಫ್ಯಾನ್ ಸಮುದ್ರಕ್ಕೆ ಹೊಂದಿಸಿದ್ದು. ನಿಮ್ಮ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 1819 ಅಡಿ ಮೇಲೆ. ಸಾವಿರ ಅಡಿ ಮೇಲೆ ಹೋದರೆ ಇಂಜಿನ್ ಸುಮಾರು ನೂರಕ್ಕೆ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳು ಅಲ್ವಾ. ನಿಮ್ಮ 40 ಅಲ್ಲಿ 38. ಜೊತೆಗೆ ಸಿಹಿನೀರು ಉಪ್ಪುನೀರಿಗಿಂತ ಹಗುರ, ದೋಣಿ ಅಲ್ಲಿ ಒಂಚೂರು ಜಾಸ್ತಿ ಮುಳುಗುತ್ತದೆ. ಎರಡೂ ಸಣ್ಣ ಸಣ್ಣ ವಿಷಯ. ಆದರೆ ಪಿಚ್ ಜಾಸ್ತಿಯಾಗಿ ಮೊದಲೇ ತಿರುಗಿಸಲು ಭಾರವಾದ ಫ್ಯಾನಿಗೆ ಇವೂ ಸೇರಿದರೆ ಇಂಜಿನ್ ಎಳೆಯಲಾರದೆ ಏದುಸಿರು ಬಿಡುತ್ತದೆ. 4500 ಬರಬೇಕಾದಲ್ಲಿ 3400ಕ್ಕೆ ಪೂರ್ತಿ ಎಕ್ಸಿಲರೇಟರ್ ಹಿಡಿದು ದಿನಾ ಒಂದು ಗಂಟೆ ಓಡಿಸಿದರೆ ಪಿಸ್ಟನ್ ಉಳಿಯುವುದಿಲ್ಲ. ಸ್ಪೀಡ್ ವಿಷಯ ಆಮೇಲೆ, ಮೊದಲು ಇದನ್ನು ನಿಲ್ಲಿಸಿ.

ಫ್ಯಾನ್ ತರುವ ಮುಂಚೆ ಈ ಕೆಲಸ ಮಾಡಿ. ದೋಣಿಯನ್ನು ದಡಕ್ಕೆ ಎಳೆದು, ಉದ್ದದ ನೇರ ರೀಪರ್ ಪಟ್ಟಿಯನ್ನು ತಳಕ್ಕೆ ಒತ್ತಿ ಹಿಂದಕ್ಕೆ ಚಾಚಿ. ಇಂಜಿನ್ನಿನ ಕಾಲಿನಲ್ಲಿ ಫ್ಯಾನಿಗಿಂತ ಮೇಲೆ ಚಪ್ಪಟೆ ತಟ್ಟೆ ಇದೆಯಲ್ಲ, ಅದು ಪಟ್ಟಿಯ ಸಮಕ್ಕೆ ಬರಬೇಕು. ಅರ್ಧ ಇಂಚು, ಒಂದು ಇಂಚು ಮೇಲಿದ್ದರೆ ಇನ್ನೂ ಒಳ್ಳೇದು. ಕೆಳಗಿದ್ದರೆ ಅಷ್ಟೂ ಕಬ್ಬಿಣ ನೀರು ಸೀಳಿಕೊಂಡು ಸುಮ್ನೆ ಎಳೆಯುತ್ತಿರುತ್ತದೆ. ಬಾಸ್ ಬೋಟಿನ ಜ್ಯಾಕ್ ಪ್ಲೇಟ್ ಮಾಡುವುದೂ ಇದೇ, ಇಂಜಿನ್ ಎತ್ತುವುದು. ಅವರು ಗುಂಡಿ ಒತ್ತಿ ಎತ್ತುತ್ತಾರೆ, ನಾವು ಮರದ ತುಂಡು ಇಟ್ಟು ಎತ್ತುತ್ತೇವೆ.

ಹಾಗೇ ಫ್ಯಾನ್ ಬಿಚ್ಚಿ ಹಿಂದೆ ನೋಡಿ. ಬಲೆಯ ನೂಲು ಸಿಕ್ಕಿಕೊಂಡಿರುತ್ತದೆ. ಗೇರ್ ಆಯಿಲ್ ಸ್ವಲ್ಪ ಹೊರಗೆ ಬಿಟ್ಟು ಬಣ್ಣ ನೋಡಿ. ಹಾಲು ಹಾಕಿದ ಕಾಫಿ ಹಾಗಿದ್ದರೆ ನೀರು ಸೇರಿದೆ.

ಕರೂರು ಸೀಮೆಯವ:

ಅಣ್ಣಾ, ನೀವು ಹೇಳಿದ್ದು ಕಣ್ಣಿಗೆ ಕಂಡ ಹಾಗೇ ಇತ್ತು. ಭಾನುವಾರ ದೋಣಿ ಎಳೆದು ಅಳತೆ ತೆಗೆದೆವು. ತಟ್ಟೆ ತಳಕ್ಕಿಂತ ಸರಿಯಾಗಿ 3 ಇಂಚು ಕೆಳಗೆ! ಇಂಜಿನ್ ಉದ್ದ ಕಾಲಿನದು, 20 ಇಂಚು. ದೋಣಿಯ ಹಿಂಬದಿ ಹಲಗೆ 17 ಇಂಚು. ಯಾರೋ ಸಿಕ್ಕ ಇಂಜಿನ್ ಸಿಕ್ಕ ದೋಣಿಗೆ ಕೂರಿಸಿದ್ದಾರೆ.

ಫ್ಯಾನ್ ಬಿಚ್ಚಿದರೆ ಹಿಂದೆ ಶಾಫ್ಟಿಗೆ ನೈಲಾನ್ ನೂಲು ಸುತ್ತಿ ಸುತ್ತಿ, ಬಿಸಿಗೆ ಕರಗಿ, ಬಳೆ ಹಾಗೆ ಗಟ್ಟಿಯಾಗಿತ್ತು. ಬ್ಲೇಡಿನಲ್ಲಿ ಕುಯ್ದು ಕುಯ್ದು ತೆಗೆಯಲು ಅರ್ಧ ಗಂಟೆ ಹಿಡಿಯಿತು. ಹಸಿರು ನೂಲು. ನಮ್ಮ ಬಲೆ ಬಿಳಿ, ಹಾಗಾಗಿ ಇದು ಸಮುದ್ರದಿಂದಲೇ ಬಂದಿದ್ದು. ಪುಣ್ಯಕ್ಕೆ ಸೀಲ್ ತುಂಡಾಗಿರಲಿಲ್ಲ, ಆಯಿಲ್ ಬಣ್ಣ ಸರಿ ಇದೆ. ಒಂದು ಎಲೆಯ ತುದಿ ಮಾತ್ರ ಕಿರುಬೆರಳಿನ ಉಗುರಿನಷ್ಟು ಒಳಕ್ಕೆ ಮಡಚಿದೆ. ದೂರದಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಎಲೆ ಮೇಲೆ ಬೆರಳು ಓಡಿಸಿದಾಗ ಸಿಕ್ಕಿತು.

ಇಂಜಿನ್ ಎತ್ತುವುದಕ್ಕೆ ಯಾವ ಮರ? ಎಷ್ಟು ಎತ್ತಲಿ?

ಗಂಗೊಳ್ಳಿ ಇಂಜಿನ್ ಕೆಲಸ:

ಹೊನ್ನೆ ಇದ್ದರೆ ಹೊನ್ನೆ. ನೀರಿಗೆ ತಡೆಯುತ್ತದೆ. ಸುಮ್ನೆ ತುಂಡು ಇಟ್ಟು ಕ್ಲ್ಯಾಂಪ್ ಬಿಗಿಯಬೇಡಿ, ತಿರುವಿನಲ್ಲಿ ಇಂಜಿನ್ ಹಾರಿ ನೀರಿಗೆ ಬೀಳುತ್ತದೆ. ಮರದ ಎರಡೂ ಬದಿಗೆ ದಪ್ಪ ಅಲ್ಯೂಮಿನಿಯಂ ಪಟ್ಟಿ ಕೊಟ್ಟು, ಹಲಗೆ ತೂರಿ ಸ್ಟೀಲ್ ಬೋಲ್ಟ್ ಹಾಕಿ. ತೂತಿನೊಳಗೆ ಸೀಲಂಟ್ ತುಂಬಿ, ಇಲ್ಲದಿದ್ದರೆ ಫೈಬರ್ ಒಳಗಿನ ಮರ ನೀರು ಕುಡಿದು ಕೊಳೆಯುತ್ತದೆ. ಇಂಜಿನ್ನಿಗೆ ಬೇರೆಯಾಗಿ ಒಂದು ಸರಪಳಿ ಇರಲಿ.

ಮೊದಲು ಎರಡೂವರೆ ಇಂಚು ಎತ್ತಿ. ಅರ್ಧ ಇಂಚು ಕೆಳಗೇ ಇರಲಿ. ನಿಮ್ಮದು ಲೋಡಿನ ದೋಣಿ. ಜಾಸ್ತಿ ಎತ್ತಿದರೆ ತಿರುವಿನಲ್ಲಿ ಫ್ಯಾನ್ ಗಾಳಿ ಎಳೆದುಕೊಳ್ಳುತ್ತದೆ, ಇಂಜಿನ್ ಕಿರುಚುತ್ತದೆ, ದೋಣಿ ಹೋಗುವುದಿಲ್ಲ. ಎತ್ತಿದ ಮೇಲೆ ಹಿಂದೆ ಪಿಚಕಾರಿ ಹಾಗೆ ಬರುವ ನೀರನ್ನು ನೋಡುತ್ತಾ ಓಡಿಸಿ. ಅದು ಸಣ್ಣಗಾದರೆ ತಕ್ಷಣ ನಿಲ್ಲಿಸಿ, ಇಂಜಿನ್ನಿಗೆ ತಂಪು ನೀರು ಹೋಗುತ್ತಿಲ್ಲ ಅಂತ ಅರ್ಥ.

ಫ್ಯಾನ್ ಆಮೇಲೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಗಾಜನೂರು ಗಾಳ:

ಬೊಡ್ಡೆ ವಿಷಯ ನನಗೆ ಹೊಳೆದಿರಲಿಲ್ಲ. ನಾನು ಸ್ಟೀಲ್ ಅಂದಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಕರೂರು ಅಣ್ಣ, ಇನ್ನೊಂದು ವಿಷಯ. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್, ಐಸ್ ಪೆಟ್ಟಿಗೆ ಎಲ್ಲ ಹಿಂದೆಯೇ ಇದೆಯಾ? ಬಾಸ್ ಬೋಟಿನವರು ಒಂದು ಬ್ಯಾಟರಿ ಅತ್ತಿತ್ತ ಸರಿಸಿ ಸ್ಪೀಡ್ ಲೆಕ್ಕ ಹಾಕುತ್ತಾರೆ. ನಿಮ್ಮ ಮೂತಿ ಎತ್ತುವುದಕ್ಕೆ ಅದೂ ಕಾರಣ ಇರಬಹುದು. ಇಂಜಿನ್ ಓರೆ ಹಿಡಿಯುವ ಪಿನ್ ಯಾವ ತೂತಿನಲ್ಲಿದೆ ಅಂತಲೂ ನೋಡಿ. ಲೋಡ್ ಇದ್ದಾಗ ಒಂದು ತೂತು ಒಳಗೆ ಹಾಕಿದರೆ ಮೂತಿ ಕೆಳಗೆ ಬರುತ್ತದೆ.

ಕರೂರು ಸೀಮೆಯವ:

ಮೂರು ವಾರ ಹಿಡಿಯಿತು, ಈಗ ಲೆಕ್ಕ ಕೊಡುತ್ತೇನೆ. ಎಲ್ಲವೂ ಬೆಳಿಗ್ಗೆ ಗಾಳಿ ಏಳುವ ಮುಂಚೆ, ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ ಓಡಿಸಿ ಸರಾಸರಿ ತೆಗೆದದ್ದು.

ಹೊನ್ನೆ ತುಂಡು ಇಟ್ಟು ಎರಡೂವರೆ ಇಂಚು ಎತ್ತಿದ ಮೇಲೆ, ಹಳೇ ಫ್ಯಾನಿನಲ್ಲೇ, ಇಬ್ಬರಿದ್ದಾಗ 4600 ಆರ್‌ಪಿಎಂ, 35 ಕಿ.ಮೀ. ಒಂದು ಮರದ ತುಂಡಿಗೆ 4 ಕಿ.ಮೀ.! ದೋಣಿಯ ಹಿಂದೆ ಏಳುತ್ತಿದ್ದ ನೀರಿನ ಕೋಡೂ ತಗ್ಗಿತು. ಹೌದು ತಮ್ಮಾ, ಎಲ್ಲ ಹಿಂದೆಯೇ ಇತ್ತು. ಐಸ್ ಪೆಟ್ಟಿಗೆಯನ್ನು ಮಧ್ಯದ ಹಲಗೆಗಿಂತ ಮುಂದಕ್ಕೆ ತಂದೆವು. ಟ್ಯಾಂಕಿನ ಪೈಪ್ ಉದ್ದ ಮಾಡಿಸಿ ಅದನ್ನೂ ಎರಡು ಅಡಿ ಮುಂದೆ ಇಟ್ಟೆವು. ಪಿನ್ ಒಂದು ತೂತು ಒಳಗೆ. ಅಷ್ಟಕ್ಕೇ ಲೋಡ್ ಇದ್ದಾಗಲೂ ದೋಣಿ ನೀರಿನ ಮೇಲೆ ಏಳಲು ನೋಡಿತು, ಆದರೆ ಪೂರ್ತಿ ಏಳಲಿಲ್ಲ.

ಆಮೇಲೆ 11 ಪಿಚ್ಚಿನ ಅಲ್ಯೂಮಿನಿಯಂ ಫ್ಯಾನ್ ತರಿಸಿದೆ. ಒಂದು ಇಂಚು ಪಿಚ್ ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ ಅಂತ ಓದಿದ್ದೆ. ನನಗೆ ಎರಡು ಇಂಚಿಗೆ ಅದಕ್ಕಿಂತ ಜಾಸ್ತಿಯೇ ಬಂತು, ಹಳೇ ಫ್ಯಾನಿನ ಎಲೆ ಮಡಚಿತ್ತಲ್ಲ. ಇಬ್ಬರಿದ್ದಾಗ 5150, ಸ್ಪೀಡ್ 37. ಗಾಜನೂರು ತಮ್ಮನ ಲೆಕ್ಕ ಹಾಕಿದರೆ 43.2 ಬರಬೇಕು, ಜಾರಿಕೆ ನೂರಕ್ಕೆ 14ಕ್ಕೆ ಇಳಿದಿದೆ. 5500 ದಾಟುವುದಿಲ್ಲ, ಹಾಗಾಗಿ ಇಂಜಿನ್ನಿಗೂ ಭಯ ಇಲ್ಲ.

ಲೋಡ್ ಇದ್ದಾಗ ಏನಾಯಿತು ಅಂತ ಹೇಳಲೇಬೇಕು. ಮೊನ್ನೆ ಮಂಗಳವಾರ ಮೂರು ಜನ, ಪೆಟ್ಟಿಗೆ ತುಂಬ ಮೀನು. ಎಕ್ಸಿಲರೇಟರ್ ತಿರುಗಿಸಿದೆ. ಮೂತಿ ಎದ್ದಿತು, ಎಂದಿನ ಹಾಗೆ. ಐದಾರು ಸೆಕೆಂಡ್ ಅಲ್ಲೇ ನಿಂತಿತು. ಆಮೇಲೆ ಯಾರೋ ಕೈಯಿಂದ ಒತ್ತಿದ ಹಾಗೆ ನಿಧಾನಕ್ಕೆ ಇಳಿಯಿತು, ಎದುರಿನ ದಡ ಕಂಡಿತು, ಇಂಜಿನ್ ಸದ್ದು ಹಗುರಾಯಿತು. 4700, ಸ್ಪೀಡ್ 30. ಚಿಕ್ಕಪ್ಪ ಮುಂದೆ ಕೂತವರು ಹಿಂದೆ ತಿರುಗಿ ನನ್ನ ಮುಖ ನೋಡಿದರು. 14 ಕಿ.ಮೀ.ಗೆ 28 ನಿಮಿಷ. ಏಳೂವರೆಗೆ ದಡದಲ್ಲಿದ್ದೆವು, ಗಾಡಿಯವರು ಇನ್ನೂ ಚಹಾ ಕುಡಿಯುತ್ತಿದ್ದರು.

ಹೊಸ ಫ್ಯಾನಿನ ನಡುವೆ ಶಾಫ್ಟಿಗೆ ಕೂರುವ ಭಾಗಕ್ಕೂ ಹೊರಗಿನ ಭಾಗಕ್ಕೂ ಸೇರಿಸಿ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ಒಳಗಿನ ರಬ್ಬರ್ ಜಾರಿದರೆ ಗೆರೆ ಎರಡಾಗುತ್ತದೆ ಅಂತ ಒಬ್ಬರು ಹೇಳಿಕೊಟ್ಟರು. ಈವರೆಗೆ ನೇರ ಇದೆ.

ಹಳೇ ಮಡೆನೂರು:

ಮಗಾ, ಎಲ್ಲ ಓದಿದೆ. ಒಳ್ಳೇ ಕೆಲಸ ಮಾಡಿದ್ದೀಯ. ಆದರೆ ಈ ಸ್ಪೀಡ್ ನೀರು ತುಂಬಿರುವ ಕಾಲಕ್ಕೆ ಮಾತ್ರ. ಶಿವರಾತ್ರಿ ಕಳೆದ ಮೇಲೆ ನೀರು ಇಳಿಯುತ್ತಾ ಹೋಗುತ್ತದೆ. ಬೊಡ್ಡೆ ಪೂರ್ತಿ ಹೊರಗೆ ಕಂಡರೆ ಭಯ ಇಲ್ಲ, ನೀರಿನಡಿ ಒಂದು ಗೇಣು ಇರುವಾಗಲೇ ಅಪಾಯ. ಬೇಸಿಗೆ ಜೋರಾದ ವರ್ಷ ಹಿನ್ನೀರಿನಲ್ಲಿ ಮುಳುಗಿದ ನಮ್ಮ ಮಡೆನೂರಿನ ಹಳೇ ಅಣೆಕಟ್ಟೇ ಮೇಲೆ ಬರುತ್ತದೆ, ಬೊಡ್ಡೆ ಬರುವುದು ದೊಡ್ಡದಾ? ಹಳೇ ಹೊಳೆಯ ಪಾತ್ರ ಹಿಡಿದೇ ಓಡಿಸು, ಸುತ್ತಾದರೂ ಸರಿ. ಗದ್ದೆ ಇದ್ದ ಕಡೆ ಬೊಡ್ಡೆ ಕಡಿಮೆ, ಕಾನು, ಅಂದರೆ ದಟ್ಟ ಕಾಡು ಇದ್ದ ಕಡೆ ಹೋಗಲೇಬೇಡ. ಯಾವುದು ಎಲ್ಲಿತ್ತು ಅಂತ ಚಿಕ್ಕಪ್ಪನನ್ನು ಕೇಳು, ಅವರಿಗೆ ಗೊತ್ತಿರುತ್ತದೆ. ಇಂಜಿನ್ ಆಫ್ ಆಗುವ ಹಗ್ಗವನ್ನು ಕೈಗೆ ಕಟ್ಟಿಕೋ. ಲೈಫ್ ಜಾಕೆಟ್ ಮೂವರಿಗೂ ಇರಲಿ.

ಕರೂರು ಸೀಮೆಯವ:

ಆಯ್ತು ಅಜ್ಜ. ಚಿಕ್ಕಪ್ಪನ ಜೊತೆ ಕೂತು ಫೋನಿನ ಮ್ಯಾಪಿನಲ್ಲಿ ಹೊಳೆಯ ಪಾತ್ರಕ್ಕೆ ಗುರುತು ಹಾಕಲು ನಿನ್ನೆ ಶುರು ಮಾಡಿದೆ. ಅರ್ಧ ಆಗಿದೆ. ಮಾರ್ಚಿನಿಂದ ಆ ಗೆರೆ ಬಿಟ್ಟು ಹೊರಗೆ 10 ಕಿ.ಮೀ. ಸ್ಪೀಡ್ ದಾಟುವುದಿಲ್ಲ. ಜಾಕೆಟ್ ಎರಡಿತ್ತು, ಮೂರನೆಯದು ಸಾಗರದಿಂದ ತರಿಸಿದ್ದೇನೆ. ಹಳೇ 13ರ ಫ್ಯಾನಿನ ಎಲೆಯನ್ನು ಮರದ ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಿ ಸ್ಪೇರ್ ಅಂತ ದೋಣಿಯಲ್ಲೇ ಇಟ್ಟಿದ್ದೇನೆ. ಜೊತೆಗೆ ಒಂದು ನಟ್, ಎರಡು ಪಿನ್, ಒಂದು ಸ್ಪಾನರ್.