ಸಹಾಯ ಬೇಕು: ಫ್ರೆಂಚ್ ಕಾರ್ ಮ್ಯಾನುಯಲ್‌ನ ಪದಗಳಿಗೆ ಸರಿಯಾದ ಇಂಗ್ಲಿಷ್

ಎಲ್ಲರಿಗೂ ನಮಸ್ಕಾರ. ರೆನೋ 4 ಕಾರಿನ ಹಳೆಯ ಫ್ರೆಂಚ್ ರಿಪೇರಿ ಮ್ಯಾನುಯಲ್ ಅನ್ನು ಇಂಗ್ಲಿಷ್‌ಗೆ ಅನುವಾದಿಸುತ್ತಿದ್ದೇನೆ. ಕ್ರ್ಯಾಂಕ್‌ಶಾಫ್ಟ್, ಸಿಲಿಂಡರ್ ಹೆಡ್‌ನಂಥ ಪದಗಳು ನಿಘಂಟಿನಲ್ಲೇ ಸಿಗುತ್ತವೆ.

‘ಜ್ಯೋ’ (jeu, ಭಾಗಗಳ ನಡುವಿನ ಸಡಿಲ ಅಥವಾ ಅಂತರ) ಎಂಬ ಚಿಕ್ಕ ಪದ ಮಾತ್ರ ಜಾಗಕ್ಕೊಂದು ಅರ್ಥ ಕೊಡುತ್ತದೆ. ವಾಲ್ವ್ ಹತ್ತಿರ ಕ್ಲಿಯರೆನ್ಸ್, ಸ್ಟೀರಿಂಗ್‌ನಲ್ಲಿ ಪ್ಲೇ, ಗೇರ್ ಹಲ್ಲುಗಳ ನಡುವೆ ಬ್ಯಾಕ್‌ಲ್ಯಾಶ್. ಕ್ರ್ಯಾಂಕ್‌ಶಾಫ್ಟ್ ಹಿಂದೆ ಮುಂದೆ ಸರಿಯುವುದಕ್ಕೆ ಬ್ರಿಟಿಷರು ಎಂಡ್ ಫ್ಲೋಟ್ ಅನ್ನುತ್ತಾರೆ, ಅಮೆರಿಕನ್ನರು ಎಂಡ್ ಪ್ಲೇ. ನಾನು ಬ್ರಿಟಿಷ್ ಪದಗಳನ್ನೇ ಇಟ್ಟುಕೊಂಡಿದ್ದೇನೆ.

ನಿಜವಾಗಿ ಸಿಕ್ಕಿಕೊಂಡಿರುವುದು ‘ಟ್ರ್ಯಾಂ ಆರಿಯೇರ್’ (train arrière) ಹತ್ತಿರ. ನಿಘಂಟು ರಿಯರ್ ಆಕ್ಸಲ್ ಅನ್ನುತ್ತದೆ. ಆದರೆ ಈ ಕಾರು ಫ್ರಂಟ್ ವೀಲ್ ಡ್ರೈವ್. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ ಇಲ್ಲವೇ ಇಲ್ಲ. ಪ್ರತಿ ಚಕ್ರಕ್ಕೂ ಬೇರೆ ಟ್ರೇಲಿಂಗ್ ಆರ್ಮ್ (ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು), ಅಡ್ಡಲಾಗಿ ಒಂದೊಂದು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಸರಳು). ಆ ಬಾರ್‌ಗಳು ಒಂದರ ಹಿಂದೊಂದು ಇರುವುದರಿಂದ ಎಡ ಬಲಗಳ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ಕೂಡ ಬೇರೆ ಬೇರೆ! ಸುಮ್ನೆ ರಿಯರ್ ಆಕ್ಸಲ್ ಅಂತ ಬರೆದರೆ ಮೆಕ್ಯಾನಿಕ್‌ಗಳು ಇಲ್ಲದ ಭಾಗವನ್ನು ಹುಡುಕುತ್ತಾರೆ, ಅಲ್ವಾ? ರಿಯರ್ ಸಸ್ಪೆನ್ಷನ್ ಅಸೆಂಬ್ಲಿ ಅಂದರೆ ಸರಿ ಹೋಗುತ್ತದೆಯೇ?

ಎರಡೂ ಭಾಷೆಯ ಪಾರ್ಟ್ಸ್ ಕ್ಯಾಟಲಾಗ್ ಬಳಸಿದವರು, ಫ್ರೆಂಚ್ ಗೊತ್ತಿರುವ ಆಟೊಮೊಬೈಲ್ ಎಂಜಿನಿಯರ್‌ಗಳು ಇದ್ದರೆ ದಯವಿಟ್ಟು ತಿಳಿಸಿ. ಬ್ರೇಕ್ ಅಧ್ಯಾಯದಲ್ಲೂ ಇನ್ನೊಂದಷ್ಟು ಪದಗಳಿವೆ, ಅವನ್ನು ಕಾಮೆಂಟ್‌ನಲ್ಲಿ ಹಾಕುತ್ತೇನೆ.