ಸಹಾಯ ಬೇಕು: ಡ್ರೈಯರ್ ಸೆನ್ಸರ್ ಆಗಾಗ 85 ಡಿಗ್ರಿ ತೋರಿಸುತ್ತದೆ

ನಮಸ್ಕಾರ, ಶಿರಸಿ ಕಡೆಯವನು. ಅಡಿಕೆ ಡ್ರೈಯರ್‌ನ ಶಾಖ ನೋಡಲು ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಎರಡು ಡಿಎಸ್18ಬಿ20 ಶಾಖದ ಸೆನ್ಸರ್ ಹಾಕಿದ್ದೇನೆ, ಒಂದು ಬೋರ್ಡಿನ ಪಕ್ಕದಲ್ಲೇ, ಇನ್ನೊಂದು ಉದ್ದ ವೈರ್‌ನಲ್ಲಿ ಡ್ರೈಯರ್ ಒಳಗೆ. ಪಕ್ಕದ್ದು ಸರಿ ಇದೆ. ಒಳಗಿನದು ಮಾತ್ರ ಆಗಾಗ ಸರಿಯಾಗಿ 85 ಡಿಗ್ರಿ ತೋರಿಸುತ್ತದೆ, ಕೆಲವು ಸಲ 28ರಿಂದ ಶುರುವಾಗುವ ಅದರ ಹೆಸರೇ ಒನ್-ವೈರ್ ಪಟ್ಟಿಯಿಂದ (ಒಂದೇ ಡೇಟಾ ವೈರ್‌ನಲ್ಲಿ ಪೈಗೆ ಸಿಕ್ಕಿದ ಸೆನ್ಸರ್‌ಗಳ ಪಟ್ಟಿ) ಮಾಯ. 85 ಅಂದರೆ ಪವರ್ ಬಂದ ಕೂಡಲೇ ಚಿಪ್‌ನಲ್ಲಿರುವ ಅಂಕಿ, ನಿಜವಾದ ಶಾಖ ಅಲ್ಲ, ಹಾಗಾಗಿ ಮಧ್ಯೆ ಪವರ್ ಹೋಗಿ ಬರುತ್ತಿದೆ ಅಂತ ನನ್ನ ಅನುಮಾನ. ಶಾಖ ಜಾಸ್ತಿ ಅಂತ ತೋರಿಸುವ ಕೆಂಪು ಎಲ್‌ಇಡಿ ಸುಮ್ನೆ ಹತ್ತುತ್ತದೆ, ಅಪ್ಪಯ್ಯ ಒಲೆಯಿಂದ ಕಟ್ಟಿಗೆ ಎಳೆಯಲು ಓಡುತ್ತಾರೆ!

ಡೇಟಾ ವೈರ್ ಪೈನ ಜಿಪಿಐಒ 4 ಪಿನ್‌ಗೆ ಹೋಗಿದೆ, ಅದಕ್ಕೂ 3.3 ವೋಲ್ಟ್‌ಗೂ ನಡುವೆ 4.7 ಕಿಲೋ ಓಮ್ ರೆಸಿಸ್ಟರ್. ಪವರ್, ಗ್ರೌಂಡ್, ಡೇಟಾ ಮೂರೂ ವೈರ್ ಜೋಡಿಸಿದ್ದೇನೆ. ಮಳೆಗಾಲದ ತೇವಕ್ಕೆ ಜಾಯಿಂಟ್ ಹಾಳಾಯಿತೇನೋ ಅಂತ ಬಿಚ್ಚಿ ನೋಡಿದೆ, ಚೆನ್ನಾಗಿಯೇ ಇದೆ. ರೆಸಿಸ್ಟರನ್ನು 5 ವೋಲ್ಟ್‌ಗೆ ಕೊಡು ಅಂತ ಒಬ್ಬರು ಹೇಳಿದರು, ಅದು ಬೇಡ, ಪೈ ಪಿನ್‌ಗೆ 3.3ಕ್ಕಿಂತ ಜಾಸ್ತಿ ಕೊಡಬಾರದು ಅಲ್ವಾ.

ಉದ್ದ ವೈರ್ ಆದ್ದರಿಂದ 4.7ರ ಬದಲು 2.2 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಆಗುತ್ತದಾ? ಸೆನ್ಸರ್ ಹತ್ತಿರ ಒಂದು ಕೆಪಾಸಿಟರ್ ಕೂಡ ಬೇಕಾ? ಹೀಗೆ ಡ್ರೈಯರ್‌ಗೆ ಹಾಕಿದವರು ಯಾರಾದರೂ ಇದ್ದರೆ ಹೇಳಿ.